ಎಂಟು ಮೊಲಗಳ ಜ್ವರ

2025ರ ಫೆಬ್ರವರಿ 11, ಮಂಗಳವಾರ. ಉದ್ಯಮಬಾಗ ಠಾಣೆಯಲ್ಲಿ ಬೆಳಗಿನ ಹಾಜರಿ ಮುಗಿದಿತ್ತು, ಚಹಾ ಇನ್ನೂ ಬಂದಿರಲಿಲ್ಲ. ಫೌಂಡ್ರಿಗಳ ಮೊದಲ ಪಾಳಿಯವರು ಒಳಗೆ ಹೋಗಿ ರಸ್ತೆ ಖಾಲಿಯಾಗಿತ್ತು. ಮೂವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ಸ್ಕೂಟರ್ ನಿಲ್ಲಿಸಿ ನೇರವಾಗಿ ಒಳಗೆ ಬಂದರು. ತಮ್ಮ ಕಂಪನಿಯಲ್ಲಿ ಯಾರೋ ವಿಷ ಕೊಟ್ಟು ಐದು ಮೊಲಗಳನ್ನು ಕೊಂದಿದ್ದಾರೆ, ದೂರು ಬರೆದುಕೊಳ್ಳಿ ಎಂದರು.

ಹೆಡ್ ಕಾನ್‌ಸ್ಟೆಬಲ್ ಬಾಳೇಶ ಪೆನ್ನು ಕೆಳಗಿಟ್ಟ. ಎಮ್ಮೆ ಕಳವು, ನಾಯಿಗೆ ವಿಷ ಹಾಕಿದ್ದು ಇಂಥ ದೂರುಗಳನ್ನು ಆತ ಬರೆದುಕೊಂಡಿದ್ದ. ಮೊಲದ ದೂರು ಇದೇ ಮೊದಲು. ಆಕೆಯನ್ನು ಇನ್ಸ್‌ಪೆಕ್ಟರ್ ಗುರುಪುತ್ರಪ್ಪ ಮೆಳವಂಕಿಯವರ ಕೋಣೆಗೆ ಕಳಿಸಿದ.

ಆಕೆಯ ಹೆಸರು ಡಾ. ತ್ರಿಶಲಾ ಚೌಗುಲೆ. ಉದ್ಯಮಬಾಗದ ಹಿಂಬದಿಯಲ್ಲಿರುವ ಸುವ್ರತ ಲೈಫ್‌ಸೈನ್ಸಸ್ ಎಂಬ ಔಷಧ ಕಂಪನಿಯಲ್ಲಿ ವಿಜ್ಞಾನಿ. ಮಾತು ಸಮಾಧಾನದಿಂದಲೇ ಇತ್ತು, ಆದರೆ ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಇನ್ಸ್‌ಪೆಕ್ಟರರು ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಔಷಧ ಕಂಪನ್ಯಾಗ ಮೊಲಾ ಸಾಯೂದು ಹೊಸಾದೇನ್ರಿ ಮೇಡಮ್? ಅದಕ್ಕಂತs ಸಾಕಿರತೀರಲ್ಲ."

"ಅದನ್ನ ನಿಲ್ಲಸೂದs ನನ್ನ ಕೆಲಸಾರಿ," ಎಂದರು ತ್ರಿಶಲಾ.

ಆಕೆ ಬಿಡಿಸಿ ಹೇಳಿದರು. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್‌ನಲ್ಲಿ ಸತ್ತ ಬ್ಯಾಕ್ಟೀರಿಯಾದ ಕಣ ಉಳಿದಿದ್ದರೂ ಅದು ವಿಷವಾಗಿ ರೋಗಿಗೆ ಚಳಿಜ್ವರ ಬರುತ್ತದೆ, ಹೆಚ್ಚಾದರೆ ಜೀವವೂ ಹೋಗುತ್ತದೆ. ಹಾಗಾಗಿ ಔಷಧವನ್ನು ಮೊದಲು ಮೊಲದ ಕಿವಿಯ ನರಕ್ಕೆ ಚುಚ್ಚಿ, ಅದಕ್ಕೆ ಜ್ವರ ಬರುತ್ತದೋ ಇಲ್ಲವೋ ನೋಡುವುದು ಹಳೆಯ ಪದ್ಧತಿ. ತ್ರಿಶಲಾ ಮೂರು ವರ್ಷದಿಂದ ಅದರ ಬದಲು ರಕ್ತದಾನಿಗಳ ರಕ್ತದ ಕಣಗಳ ಮೇಲೆ ಔಷಧವನ್ನು ಹಾಕಿ ನೋಡುತ್ತಿದ್ದರು. ಮೈಯೊಳಗೆ ಹೇಗೋ ಹಾಗೆಯೇ ಗಾಜಿನ ತಟ್ಟೆಯಲ್ಲೂ ಆ ಕಣಗಳು ವಿಷವನ್ನು ಗುರುತಿಸುತ್ತಿದ್ದವು. ಮೊಲ ಬೇಕಾಗಿರಲಿಲ್ಲ. ಎರಡೂ ಪದ್ಧತಿಗಳು ಒಂದೇ ಉತ್ತರ ಕೊಡುತ್ತವೆ ಎಂದು ತೋರಿಸುವ ಕೊನೆಯ ಪರೀಕ್ಷೆ ಸೋಮವಾರ ನಡೆದಿತ್ತು. ಅದೊಂದು ಸರಿಹೋಗಿದ್ದರೆ ಕಂಪನಿಯಲ್ಲಿ ಮೊಲದ ಪರೀಕ್ಷೆ ನಿಲ್ಲುತ್ತಿತ್ತು.

ಸರಿಹೋಗಲಿಲ್ಲ. ರಕ್ತದ ಕಣಗಳು ಔಷಧ ಶುದ್ಧ ಎಂದವು. ಅದೇ ಔಷಧ ಚುಚ್ಚಿದ ಎಂಟು ಮೊಲಗಳಿಗೂ ತಾಸಿನೊಳಗೆ ಜ್ವರ ಏರಿತು. ಬೆಳಗಾಗುವಷ್ಟರಲ್ಲಿ ಐದು ಸತ್ತಿದ್ದವು. ನಿರ್ದೇಶಕರು ಆಕೆಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಿದ್ದರು.

"ನಿಮ್ಮ ಪದ್ಧತಿನs ತಪ್ಪಿರಬಹುದಲ್ರಿ?"

"ಸ್ವಲ್ಪ ವಿಷ ಇದ್ದಿದ್ರ ನನ್ನ ಪದ್ಧತಿ ತಪ್ಪಿತು ಅಂತಿದ್ದೆ ಸರ್. ಐದು ಮೊಲಾ ಕೊಲ್ಲುವಷ್ಟು ವಿಷ ಇದ್ರ ಅದು ತಪ್ಪಾಕ ಸಾಧ್ಯ ಇಲ್ಲ. ಯಾರೋ ಆಮ್ಯಾಲ ಹಾಕ್ಯಾರ."

ಗುರುಪುತ್ರಪ್ಪ ಕಾಯ್ದೆ ಪುಸ್ತಕ ತೆಗೆಸಿದರು. ಪ್ರಾಣಿಯನ್ನು ಕೊಂದು ನಷ್ಟ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿಗೆ ಬರುತ್ತಿತ್ತು. ಅದರ ಮೇಲೆ ಎಫ್‌ಐಆರ್ ದಾಖಲಾಯಿತು. ತ್ರಿಶಲಾ ಸಹಿ ಮಾಡುತ್ತಿದ್ದಾಗಲೇ ಕಂಪನಿಯ ನಿರ್ದೇಶಕ ಶ್ರೀಪಾಲ ಹಣಬರಟ್ಟಿಯವರಿಂದ ಫೋನ್ ಬಂತು. ಆಕೆ ತನ್ನ ಸೋಲು ಮುಚ್ಚಿಕೊಳ್ಳಲು ಪೊಲೀಸರ ತನಕ ಹೋಗಿದ್ದಾಳೆ, ಇದು ಕಂಪನಿಯ ಒಳಗಿನ ಮಾತು, ದೊಡ್ಡದು ಮಾಡಬೇಡಿ ಎಂದು ಅವರು ವಿನಂತಿಸಿದರು. ಮಧ್ಯಾಹ್ನ ಪಂಚನಾಮೆಗೆ ಬರುತ್ತೇವೆ, ಸತ್ತ ಮೊಲಗಳನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಇನ್ಸ್‌ಪೆಕ್ಟರರು ಫೋನ್ ಇಟ್ಟರು.

ಕಂಪನಿಯ ಬಾಗಿಲೊಳಗೆ ಕಾಲಿಟ್ಟ ಕೂಡಲೇ ಎದುರಿನ ಗೋಡೆಯಲ್ಲಿ ದೊಡ್ಡ ಫೋಟೊ ಒಂದಿತ್ತು. ಬೆಂಗಳೂರಿನ ಸಮಾರಂಭದಲ್ಲಿ ಬಂದ ಪ್ರಶಸ್ತಿಯನ್ನು ಇಲ್ಲಿನ ಸನ್ಮಾನದ ದಿನ ತ್ರಿಶಲಾ ಎತ್ತಿ ಹಿಡಿದಿದ್ದರು, ಬಾಜುವಿಗೆ ಹಣಬರಟ್ಟಿಯವರು ನಗುತ್ತಿದ್ದರು. ಚೌಕಟ್ಟಿನ ಅಂಚಿನಲ್ಲಿ ಇನ್ನೊಬ್ಬರ ಭುಜ ಮತ್ತು ಚಪ್ಪಾಳೆ ತಟ್ಟುವ ಒಂದು ಕೈ ಮಾತ್ರ ಕಾಣುತ್ತಿತ್ತು. ಅದು ಯಾರ ಕೈ ಎಂದು ಗುರುಪುತ್ರಪ್ಪ ಕೇಳಿದರು. ಪ್ರಾಣಿಗಳ ವಿಭಾಗದ ಪೂಜೇರಿ ಡಾಕ್ಟರದ್ದು ಇರಬೇಕು ಎಂದರು ಹಣಬರಟ್ಟಿ.

ಡಾ. ರಾಮಲಿಂಗ ಪೂಜೇರಿ ಪ್ರಾಣಿಮನೆಯ ಬಾಗಿಲಲ್ಲೇ ನಿಂತಿದ್ದರು. ನಲವತ್ತೈದು ದಾಟಿದ ಪಶುವೈದ್ಯ, ಖಾನಾಪುರ ತಾಲೂಕಿನವರು, ಕುರಿ ಕಾಯುವ ಮನೆತನದಿಂದ ಓದಿ ಮೇಲೆ ಬಂದವರು. ಹನ್ನೊಂದು ವರ್ಷದಿಂದ ಆ ಮನೆ ಅವರ ಉಸ್ತುವಾರಿಯಲ್ಲಿತ್ತು. ಒಳಗೆ ಹೋದಾಗ ಮಹಿಳಾ ಕಾನ್‌ಸ್ಟೆಬಲ್ ರೂಪಾಲಿಗೆ ಆಶ್ಚರ್ಯವಾಯಿತು. ಪಂಜರಗಳ ಸಾಲೇ ಇರುತ್ತದೆ ಎಂದು ಆಕೆ ಅಂದುಕೊಂಡಿದ್ದಳು. ಇಲ್ಲಿ ನೆಲದ ಮೇಲೆ ಅಗಲವಾದ ಅಂಕಣಗಳು, ಹಾಸಿದ ಒಣಹುಲ್ಲು, ಕಚ್ಚಲು ಕಟ್ಟಿಗೆ, ಅಡಗಲು ಮಣ್ಣಿನ ಕೊಳವೆ. ಬದುಕುಳಿದ ಮೂರು ಮೊಲಗಳು ಬಳಲಿದ್ದವು, ಆದರೂ ಅಪರಿಚಿತರನ್ನು ಕಂಡು ಓಡಲಿಲ್ಲ. ರಾಮಲಿಂಗ ಬರುವ ಮೊದಲು ಮೊಲಗಳ ಕುತ್ತಿಗೆಯನ್ನು ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ದಿನವಿಡೀ ಸಿಕ್ಕಿಸಿ ಇಡುತ್ತಿದ್ದರು ಎಂದು ಅಲ್ಲಿನ ಸಹಾಯಕ ಭರಮಪ್ಪ ಹೇಳಿದ. ಅದನ್ನು ಬಿಡಿಸಿದವರು ಈ ಸಾಹೇಬರೇ. ಚುಚ್ಚುವ ಮೊದಲು ಕಿವಿಗೆ ಮರಗಟ್ಟುವ ಮುಲಾಮು ಹಚ್ಚುವುದು, ಮೊಲಗಳನ್ನು ಜೋಡಿಯಾಗಿ ಬಿಡುವುದು, ವರ್ಷಕ್ಕೆ ನೂರು ಮೊಲ ಬಳಸುತ್ತಿದ್ದಲ್ಲಿ ಮೂವತ್ತಕ್ಕೆ ಇಳಿಸಿದ್ದು, ಎಲ್ಲವೂ ಅವರದೇ ಕೆಲಸ.

ಪಂಚರ ಸಮಕ್ಷಮ ಬಳಸಿದ ಸಿರಿಂಜುಗಳನ್ನು, ಖಾಲಿ ಬಾಟಲಿಗಳನ್ನು, ಅದೇ ಪೆಟ್ಟಿಗೆಯಲ್ಲಿ ಉಳಿದಿದ್ದ ತೆರೆಯದ ಬಾಟಲಿಗಳನ್ನು ಮೊಹರು ಮಾಡಿ ವಶಕ್ಕೆ ಪಡೆಯಲಾಯಿತು. ಸತ್ತ ಮೊಲಗಳನ್ನು ಮರಣೋತ್ತರ ಪರೀಕ್ಷೆಗೆ ಸರ್ಕಾರಿ ಪಶು ಆಸ್ಪತ್ರೆಗೆ ಕಳಿಸಿದರು. ಆಮೇಲೆ ರಾಮಲಿಂಗರ ವಿಚಾರಣೆ.

"ಸಿರಿಂಜಿಗೆ ಔಷಧ ತುಂಬಿದವರ‍್ಯಾರು?"

"ನಾನs. ಬಾಟಲಿ ತಂದು ಕೊಟ್ಟವರು ಚೌಗುಲೆ ಮೇಡಮ್."

"ಬಾಟಲಿ ಮೊಹರು ಹಂಗs ಇತ್ತೇನು?"

"ನೆಪ್ಪಿಲ್ರಿ. ಅವರು ಕೊಟ್ಟದ್ದನ್ನ ನಾ ಯಾಕ ಸಂಶಯದಿಂದ ನೋಡ್ಲಿ? ಅವರು ಭಾಳ ಶಾಣ್ಯಾ ಮಂದಿ."

ಆಮೇಲೆ ಕೇಳದೆಯೇ ಅವರು ತ್ರಿಶಲಾ ಬಗ್ಗೆ ಹೇಳತೊಡಗಿದರು. ಆಕೆಗೆ ಪ್ರಶಸ್ತಿ ಬಂದದ್ದು, ದಿಲ್ಲಿಯಲ್ಲಿ ಆಕೆ ಮಾತಾಡಿದ್ದು, ಪತ್ರಿಕೆಯಲ್ಲಿ ಆಕೆಯ ಫೋಟೊ ಯಾವ ಪುಟದಲ್ಲಿ ಬಂದಿತ್ತು ಎನ್ನುವುದು, ಹೊಸ ಪ್ರಯೋಗಾಲಯದಲ್ಲಿ ಆಕೆಯ ಕೋಣೆಗೆ ಎಷ್ಟು ಕಿಟಕಿಗಳು ಎನ್ನುವುದು. ಎಲ್ಲವನ್ನೂ ಹೊಗಳಿಕೆಯ ಧಾಟಿಯಲ್ಲೇ ಹೇಳಿದರು. ಹೊರಗೆ ಬಂದ ಮೇಲೆ ಬಾಳೇಶ, ಡಾಕ್ಟರಿಗೆ ಆಕೆಯ ಮೇಲೆ ಬಹಳ ಅಭಿಮಾನ ಇದ್ದಂತಿದೆ ಎಂದ. ಗುರುಪುತ್ರಪ್ಪ ಒಪ್ಪಲಿಲ್ಲ. ಸತ್ತ ಮೊಲಗಳ ಬಗ್ಗೆ ಕೇಳಿದರೆ ಆ ಮನುಷ್ಯ ಬದುಕಿರುವ ಹೆಂಗಸಿನ ಬಗ್ಗೆ ಉತ್ತರ ಕೊಟ್ಟಿದ್ದ. ಇಂಥ ಹೊಗಳಿಕೆಯನ್ನು ಅವರು ಇಲಾಖೆಯಲ್ಲಿ ಬಡ್ತಿಯ ಆದೇಶ ಬಂದ ದಿನಗಳಲ್ಲಿ, ಬಡ್ತಿ ಸಿಗದವರ ಬಾಯಿಂದ ಕೇಳಿದ್ದರು.

ಆದರೆ ಧಾಟಿ ಸಾಕ್ಷ್ಯವಾಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವ ತನಕ ಕಾದರು. ಅಷ್ಟರಲ್ಲಿ ಕಂಪನಿಯಲ್ಲಿ ತ್ರಿಶಲಾ ಒಬ್ಬಂಟಿಯಾಗಿದ್ದರು. ಊಟದ ಹೊತ್ತಿಗೆ ಆಕೆ ಕುಳಿತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಸೊಕ್ಕು ಇಳಿಯಿತು ಎಂದು ಕೆಲವರು ಕೇಳುವಂತೆಯೇ ಆಡಿಕೊಂಡರು. ಮೊಲದ ಪರೀಕ್ಷೆ ಮುಂದುವರಿಯಲು ಹೊಸದಾಗಿ ಇಪ್ಪತ್ತು ಮೊಲ ತರಿಸುವ ಮಾತು ನಡೆಯಿತು.

ಫೆಬ್ರವರಿ 24ಕ್ಕೆ ವರದಿ ಬಂತು. ತೆರೆಯದ ಬಾಟಲಿಗಳು ಶುದ್ಧ. ಸಿರಿಂಜುಗಳಲ್ಲಿ ಮಾತ್ರ ವಿಷ, ಅದೂ ಪರೀಕ್ಷೆಗೆ ಬಳಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪದ್ಧತಿ ತಪ್ಪಿರಲಿಲ್ಲ. ಯಾರೋ ಹಾಕಿದ್ದರು. ಹೋಲಿಕೆಗಾಗಿ ಅಂಥ ವಿಷದ ಸಣ್ಣ ಬಾಟಲಿಗಳನ್ನು ಕಂಪನಿಯ ಒಂದು ಫ್ರಿಜ್‌ನಲ್ಲಿ ಇಡುತ್ತಿದ್ದರು. ಅದರ ಕೀಲಿ ಇದ್ದದ್ದು ಇಬ್ಬರಲ್ಲಿ, ತ್ರಿಶಲಾ ಮತ್ತು ರಾಮಲಿಂಗ.

ಇನ್ಸ್‌ಪೆಕ್ಟರರು ತ್ರಿಶಲಾ ಅವರನ್ನೂ ಬಿಡದೆ ಮತ್ತೆ ಕರೆಸಿದರು. ರೂಪಾಲಿ ಬಾಜುವಿಗೆ ಕುಳಿತಿದ್ದಳು. ಸೋಮವಾರ ಪ್ರಾಣಿಮನೆಯಲ್ಲಿ ಎಂದಿನಂತೆ ಇಲ್ಲದ್ದು ಏನಾದರೂ ಕಂಡಿತೇ ಎಂದು ಕೇಳಿದರು.

"ಒಂದು ಮೊಲಾ ಬ್ಯಾರೆ ಇತ್ತರಿ. ಎಂಟರಾಗ ಒಂದು ಸಣ್ಣದು, ಹೊಸಾದು. ಸಾವಕಾರ್ತಿ ಎಲ್ಲಿ ಅಂತ ಕೇಳಿದೆ."

"ಸಾವಕಾರ್ತಿ ಅಂದ್ರ?"

"ಎಲ್ಲಾಕ್ಕಿಂತ ಹಳೇ ಮೊಲಾರಿ. ಅದು ತಿಂದ ಮ್ಯಾಲs ಉಳದವು ತಿಂತಿದ್ವು, ಅದಕ್ಕ ಪೂಜೇರಿ ಸರ್ ಹಂಗ ಹೆಸರಿಟ್ಟಿದ್ರು. ಹೊಟ್ಟಿ ಉಬ್ಬಿ ಶನಿವಾರ ಸತ್ತಿತು ಅಂದ್ರು."

ಸತ್ತ ಪ್ರಾಣಿಗಳನ್ನು ಒಯ್ದು ಸುಡುವ ಕೆಲಸ ಹೊರಗಿನ ಒಂದು ಸಂಸ್ಥೆಯದಾಗಿತ್ತು. ಬಾಳೇಶ ಅಲ್ಲಿಗೆ ಹೋಗಿ ವಿಚಾರಿಸಿದ. ಆ ವಾರ ಸುವ್ರತದಿಂದ ಯಾವ ಮೊಲವೂ ಬಂದಿರಲಿಲ್ಲ. ಭರಮಪ್ಪನೂ ಸತ್ತ ಸಾವಕಾರ್ತಿಯನ್ನು ಕಣ್ಣಾರೆ ಕಂಡಿರಲಿಲ್ಲ. ಕಂಪನಿಯ ಗೇಟಿನ ಕಾವಲುಗಾರ ಮೈಲಾರಲಿಂಗ ಮಾತ್ರ ಒಂದು ಸಂಗತಿ ಹೇಳಿದ. ಪರೀಕ್ಷೆಯ ಹಿಂದಿನ ದಿನ, ರಜೆಯಿದ್ದರೂ ಪೂಜೇರಿ ಡಾಕ್ಟರು ಬಂದು ಸ್ವಲ್ಪ ಹೊತ್ತಿನಲ್ಲೇ ಹೋಗಿದ್ದರು. ಬೈಕಿನ ಮುಂದೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದರು, ಊರಿಗೆ ಹೊಂಟೀನಿ ಎಂದಿದ್ದರು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರರು, ಬಾಳೇಶ, ರೂಪಾಲಿ ಜೀಪಿನಲ್ಲಿ ಹೊರಟರು. ಖಾನಾಪುರ ಠಾಣೆಯಲ್ಲಿ ತಿಳಿಸಿ, ನಂದಗಡ ದಾಟಿ, ಹಲಸಿಯ ಗುಡಿಗಳ ಬದಿಯಿಂದ ಒಳಗಿನ ರಸ್ತೆ ಹಿಡಿದರು. ರೂಪಾಲಿ ಖಾನಾಪುರದವಳೇ. ದಾರಿಯಲ್ಲಿ ಸಿಕ್ಕವರನ್ನು ಮರಾಠಿಯಲ್ಲಿ ಕೇಳಿ ಮನೆ ಪತ್ತೆ ಮಾಡಿದಳು. ರಾಮಲಿಂಗರ ಅಣ್ಣ ಕುರಿ ಹೊಡೆದುಕೊಂಡು ಹೋಗಿದ್ದ. ತಾಯಿ ಸಾತವ್ವ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾದರೂ ಕುಂದರ್ರಿ ಎಂದು ಕಂಬಳಿ ಹಾಸಿದಳು.

ಕೇಳಬೇಕಾದದ್ದನ್ನು ಕೇಳುವಂತೆ ಇನ್ಸ್‌ಪೆಕ್ಟರರು ರೂಪಾಲಿಗೆ ಸನ್ನೆ ಮಾಡಿದರು.

"ಅವ್ವಾ, ನಿಮ್ಮ ಮಗಾ ಇಲ್ಲಿ ಮೊಲಾ ಏನರ ತಂದಿಟ್ಟಾರೇನು?"

ಸಾತವ್ವನ ಮುಖ ಅರಳಿತು. ಪೊಲೀಸರು ಬಂದದ್ದು ಇಷ್ಟಕ್ಕೇ ಎಂದು ಆಕೆಗೆ ಸಮಾಧಾನವಾದಂತಿತ್ತು. ಕುರಿಮರಿಗಳ ಹಟ್ಟಿಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಬೋರಲು ಹಾಕಿದ್ದ ದೊಡ್ಡ ಬುಟ್ಟಿಯನ್ನು ಎತ್ತಿದಳು. ಬಿಳಿಯ ದಪ್ಪ ಮೊಲವೊಂದು ಮೇವು ಮೆಲ್ಲುತ್ತ ಕುಳಿತಿತ್ತು. ಬಾಳೇಶ ಅದರ ಕಿವಿ ಬಿಡಿಸಿ ನೋಡಿದ. ಹಚ್ಚೆಯ ನಂಬರು ಸಾವಕಾರ್ತಿಗೆ ಕಂಪನಿ ಕೊಟ್ಟಿದ್ದ ನಂಬರೇ.

"ಯಾವಾಗ ತಂದ್ರು?"

"ಐತವಾರ. ನಾಳೆ ಅಲ್ಲೆ ಎಲ್ಲಾ ಸಾಯತಾವು, ಇದೊಂದು ನಿನ್ನ ಕಡೆ ಇರ್ಲಿ ಅವ್ವಾ ಅಂದ. ಸಣ್ಣಾವ ಇದ್ದಾಗಿಂದ ಅವನ ಕರುಳು ಹಂಗs. ಮರಿ ಸತ್ತರ ಉಣ್ಣತಿದ್ದಿಲ್ಲ."

ರೂಪಾಲಿ ನೆಲ ನೋಡುತ್ತ ನಿಂತಳು. ಸಾತವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೊಲ ತಂದದ್ದಕ್ಕೆ ಪೊಲೀಸರು ಯಾಕೆ ಬಂದರು ಎಂದು ಕೇಳಿದಳು. ಆಮೇಲೆ ಬುಟ್ಟಿಯನ್ನು ಮೆಲ್ಲಗೆ ಮತ್ತೆ ಮುಚ್ಚಲು ಹೋದಳು, ಬಾಳೇಶ ಕೈ ಅಡ್ಡ ಹಿಡಿದ. ಊರಿನ ಇಬ್ಬರು ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಮಾಡಿದರು. ಸಾತವ್ವನ ಹೆಬ್ಬೆಟ್ಟಿನ ಗುರುತು ಬೇಕಾಯಿತು. ತಾನು ಹೇಳಿದ್ದರಿಂದ ಮಗನಿಗೆ ಏನಾದರೂ ಆಗುತ್ತದೆಯೇ ಎಂದು ಆಕೆ ರೂಪಾಲಿಯನ್ನು ಎರಡು ಸಲ ಕೇಳಿದಳು. ನನಗೆ ಗೊತ್ತಿಲ್ಲ ಅವ್ವಾ ಎಂದಳು ರೂಪಾಲಿ. ಗೊತ್ತಿತ್ತು.

ಜೀಪು ಉದ್ಯಮಬಾಗ ತಲುಪಿದಾಗ ರಾಮಲಿಂಗ ಪೂಜೇರಿ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಊರಿನಿಂದ ಅಣ್ಣ ಫೋನ್ ಮಾಡಿದ್ದ. ಸಾವಕಾರ್ತಿಯನ್ನು ಯಾರಾದರೂ ಹೆದರಿಸಿದರೇ ಎಂದು ಮೊದಲು ಕೇಳಿದರು. ಆಮೇಲೆ ತಪ್ಪು ಒಪ್ಪಿಕೊಂಡರು.

ಜ್ವರ ಬಂದರೆ ಸಾಕು ಎಂದುಕೊಂಡಿದ್ದೆ, ಸಾಯಲಿ ಎಂದು ಮಾಡಲಿಲ್ಲ, ಅಳತೆ ತಪ್ಪಿತು ಎಂದರು.

"ಹಂಗಾರ ಅದೊಂದನ್ನ ಯಾಕ ಒಯ್ದ್ರಿ?"

ರಾಮಲಿಂಗ ಅಳತೆಯ ಮಾತನ್ನು ಮತ್ತೆ ಎತ್ತಲಿಲ್ಲ. ಬಾಳೇಶ ನೀರು ಕೊಟ್ಟ, ಅವರು ಕುಡಿಯಲಿಲ್ಲ.

ಗ್ಲಾಸನ್ನು ಬದಿಗಿಟ್ಟು ಅವರಾಗಿಯೇ ಹೇಳತೊಡಗಿದರು. ತಾವು ಆ ಪ್ರಾಣಿಮನೆಗೆ ಬಂದಾಗ ಮೊಲಗಳು ಮನುಷ್ಯನ ಹೆಜ್ಜೆಯ ಸಪ್ಪಳಕ್ಕೇ ಚೀರುತ್ತಿದ್ದವು. ಅವುಗಳಿಗೆ ಹುಲ್ಲು ಬೇಕು, ಜೊತೆ ಬೇಕು, ನೋವು ಕಡಿಮೆ ಆಗಬೇಕು ಎಂದು ಒಂದೊಂದಕ್ಕೂ ಮೇಲಿನವರ ಮುಂದೆ ನಿಂತು ಕೇಳಿದ್ದರು. ಸಿಕ್ಕಿತು. ಯಾರೂ ಫೋಟೊ ತೆಗೆಯಲಿಲ್ಲ. ಆಮೇಲೆ ತ್ರಿಶಲಾ ಬಂದರು. ಮೊಲವನ್ನು ಹೇಗೆ ಎತ್ತಿಕೊಳ್ಳಬೇಕು ಎಂದು ಆಕೆಗೆ ಕಲಿಸಿದ್ದೂ ಇವರೇ. ಮೂರೇ ವರ್ಷದಲ್ಲಿ ಆಕೆಯ ಹೆಸರು ಎಲ್ಲ ಕಡೆ ಆಯಿತು. ಸನ್ಮಾನದ ದಿನ ಹಣಬರಟ್ಟಿಯವರು ವೇದಿಕೆಯಿಂದ, ಇನ್ನು ಮುಂದೆ ಪ್ರಾಣಿಮನೆ ಬೇಕಾಗಿಲ್ಲ, ಆ ಜಾಗದಲ್ಲಿ ಚೌಗುಲೆ ಮೇಡಮ್ ಅವರ ಹೊಸ ಪ್ರಯೋಗಾಲಯ ಬರುತ್ತದೆ ಎಂದರು.

"ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ನಾ ಬೇಡಿಕೊಂಡಿದ್ದೂ ಅದೇರಿ, ಮೊಲಕ್ಕ ಚುಚ್ಚೂದು ನಿಲ್ಲಬೇಕು ಅಂತ. ಆದ್ರ ನಿಲ್ಲಸಿದವರು ನಾ ಆಗಿರಲಿಲ್ಲ. ಅವತ್ತಿಂದ ಅವರ ಸ್ಕೂಟರ್ ಸಪ್ಪಳ ಕೇಳಿದ್ರೂ ಎದಿ ಉರೀತಿತ್ತು."

ಆ ಪದ್ಧತಿ ಸೋತರೆ ಇನ್ನೂ ಎಷ್ಟೋ ವರ್ಷ ಮೊಲಗಳಿಗೆ ಚುಚ್ಚಬೇಕಾಗುತ್ತದೆ ಎನ್ನುವುದು ಗೊತ್ತಿರಲಿಲ್ಲವೇ ಎಂದು ಇನ್ಸ್‌ಪೆಕ್ಟರರು ಕೇಳಿದರು. ಗೊತ್ತಿತ್ತು ಎಂದರು ರಾಮಲಿಂಗ.

ಫೆಬ್ರವರಿ 25ರ ಸಂಜೆ 6 ಗಂಟೆಗೆ ಬಂಧನ ದಾಖಲಾಯಿತು. ಐದು ಮೊಲಗಳನ್ನು ಕೊಂದ ಕಲಮು ಜಾಮೀನು ಸಿಗುವಂಥದ್ದು. ಕೆಲಸಗಾರನೇ ಮಾಲೀಕನ ಸ್ವತ್ತು ಕದ್ದ ಕಲಮಿಗೆ ಹಾಗೆ ಜಾಮೀನು ಸಿಗುವುದಿಲ್ಲ. ಸಾವಕಾರ್ತಿ ಕಂಪನಿಯ ಸ್ವತ್ತಾಗಿತ್ತು. ರಾಮಲಿಂಗರನ್ನು ಜೈಲಿಗೆ ಕಳಿಸಿದ್ದು ಅವರು ಕೊಂದ ಮೊಲಗಳಲ್ಲ, ಉಳಿಸಿದ ಮೊಲ. ಬಾಳೇಶ ಇದನ್ನು ಎರಡೆರಡು ಸಲ ಓದಿ ನೋಡಿದ. ಕಾಯ್ದೆ ಹಾಗೇ ಇತ್ತು.

ಮರುದಿನ ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರು. ಹಿಂಡಲಗಾ ಜೈಲಿಗೆ ಕರೆದೊಯ್ಯುವ ಮುನ್ನ ಕಾಗದಪತ್ರಗಳಿಗಾಗಿ ರಾಮಲಿಂಗರನ್ನು ಠಾಣೆಗೆ ಕರೆತಂದಾಗ, ಹೆಚ್ಚುವರಿ ಹೇಳಿಕೆ ಕೊಡಲು ತ್ರಿಶಲಾ ಅಲ್ಲಿದ್ದರು. ಕಂಪನಿಯವರು ಕ್ಷಮೆ ಕೇಳಿದ್ದರು, ಮೊಲ ತರಿಸುವ ಮಾತು ನಿಂತಿತ್ತು, ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಲು ಒಪ್ಪಿಗೆ ಸಿಕ್ಕಿತ್ತು. ಆದರೂ ಆಕೆಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಸಹಿ ಹಾಕಿದ ಮೇಲೂ ಏಳಲಿಲ್ಲ.

ಹೆದರಿದ ಮೊಲದ ಮೈ ಜ್ವರ ಇಲ್ಲದೆಯೂ ಬಿಸಿಯಾಗುತ್ತದೆ ಎಂದು ಆಕೆ ಇನ್ಸ್‌ಪೆಕ್ಟರರಿಗೆ ಹೇಳಿದರು. ಹಾಗಾಗಿ ಬೇರೆ ಕಡೆ ಮೊಲಗಳ ಜ್ವರದ ಅಂಕಿಗಳನ್ನು ನಂಬುವುದೇ ಕಷ್ಟ. ಪೂಜೇರಿ ಸರ್ ಅವರ ಮೊಲಗಳು ಹೆದರುತ್ತಿರಲಿಲ್ಲ, ಅದಕ್ಕೇ ಅವುಗಳ ಪಕ್ಕದಲ್ಲಿ ತಮ್ಮ ಪದ್ಧತಿಯನ್ನು ಇಟ್ಟು ಹೋಲಿಸಲು ಸಾಧ್ಯವಾಯಿತು. ಅವರು ಹನ್ನೊಂದು ವರ್ಷ ಮಾಡದೇ ಇದ್ದಿದ್ದರೆ ತಮ್ಮ ಮೂರು ವರ್ಷಕ್ಕೆ ನೆಲೆಯೇ ಇರುತ್ತಿರಲಿಲ್ಲ.

"ಇದನ್ನ ಅವರಿಗೆ ಹೇಳಿದ್ರೇನು?"

"ಬೆಂಗಳೂರಾಗ ಪ್ರಶಸ್ತಿ ತಗೊಂಡಾಗ ಹೇಳೀನ್ರಿ, ಅವರ ಹೆಸರು ತಗೊಂಡು. ಅವರು ಅಲ್ಲಿ ಇದ್ದಿಲ್ಲ. ಇಲ್ಲೆ ಅವರ ಮುಂದ ಹೇಳಿಲ್ಲ. ಗೊತ್ತs ಇರತದ ಅಂದ್ಕೊಂಡಿದ್ದೆ."

ಗುರುಪುತ್ರಪ್ಪ ಬಾಗಿಲ ಕಡೆ ಕೈ ತೋರಿಸಿದರು. ತ್ರಿಶಲಾ ಹೊರಗೆ ಹೋದರು. ಜೀಪಿನ ಹತ್ತಿರ ರೂಪಾಲಿ ಮತ್ತು ಬಾಳೇಶರ ನಡುವೆ ರಾಮಲಿಂಗ ನಿಂತಿದ್ದರು. ಆಕೆ ಅದೇ ಮಾತನ್ನು ಅವರಿಗೆ ಹೇಳಿದರು, ತಡವರಿಸುತ್ತ, ಅರ್ಧಂಬರ್ಧ. ಅವರು ತಲೆ ಎತ್ತದೆ ಕೇಳಿಸಿಕೊಂಡರು.

"ಬೆಂಗಳೂರಾಗ ಇದನ್ನ ಹೇಳಿದ್ದು ಯಾವಾಗ್ರಿ?"

"ನವೆಂಬರ್‌ದಾಗ, ಸರ್."

"ನವೆಂಬರ್‌ದಾಗ," ಎಂದರು ರಾಮಲಿಂಗ. ಬಾಳೇಶ ಜೀಪಿನ ಬಾಗಿಲು ತೆಗೆದ. ಅವರು ಒಂದು ಕಾಲು ಒಳಗಿಟ್ಟು ನಿಂತರು. "ಆವಾಗ ಎಲ್ಲಾ ಜೀವಂತ ಇದ್ವಲ್ರಿ."